ಕಿವಿ ಮಂದವಾಯಿತೆಂದು ಸುಮ್ಮನಿರುವ ಹಿರಿಯರಿಗೆ

ಮಾನ್ಯ ನಿವೃತ್ತ ಬಂಧುಗಳೆ,

ಬೆಳಗಿನ ನಡಿಗೆಯನ್ನು ಮುಗಿಸಿ ಉದ್ಯಾನದ ಕಲ್ಲುಬೆಂಚಿನ ಮೇಲೆ ಕುಳಿತಾಗ, ಪಿಂಚಣಿಯ ದಿನ ಬ್ಯಾಂಕಿನ ಸರದಿಯಲ್ಲಿ ನಿಂತಾಗ, ರಾಮನವಮಿಯ ಸಂಗೀತದ ಚಪ್ಪರದಲ್ಲಿ ಪಕ್ಕದ ಕುರ್ಚಿಯವರ ಕುಶಲ ವಿಚಾರಿಸುವಾಗ, ನಮ್ಮ ವಯಸ್ಸಿನವರ ಮಾತು ಬಹುಬೇಗ ಹೃದಯದ ಕಡೆಗೆ ತಿರುಗುವುದು ಸ್ವಾಭಾವಿಕ. ಯಾರ ಬಿ.ಪಿ. ಎಷ್ಟಿದೆ, ಯಾರ ಆಂಜಿಯೋಗ್ರಾಮಿನಲ್ಲಿ ಎಷ್ಟು ಬ್ಲಾಕ್ ಕಂಡುಬಂದವು, ಯಾರಿಗೆ ಸ್ಟೆಂಟ್ ಹಾಕಿದರು, ಯಾರ ಮಾತ್ರೆ ಬದಲಾಯಿತು ಎಂಬ ವಿವರಗಳನ್ನೆಲ್ಲ ನಾವು ಸಂಕೋಚವಿಲ್ಲದೆ ಹಂಚಿಕೊಳ್ಳುತ್ತೇವೆ. ಅದರಿಂದ ಒಬ್ಬರಿಗೊಬ್ಬರು ಧೈರ್ಯ ಹೇಳಿದಂತೆಯೂ ಆಗುತ್ತದೆ. ಆದರೆ ಕಿವಿಯ ವಿಚಾರದಲ್ಲಿ ನಮ್ಮ ನಡವಳಿಕೆಯೇ ಬೇರೆ. ಎದುರಿನವರು ಹೇಳಿದುದು ಅರ್ಧ ಕೇಳಿಸದಿದ್ದರೂ ತಲೆಯಾಡಿಸಿ ನಕ್ಕು ಸುಮ್ಮನಾಗುವುದು, ಮನೆಯಲ್ಲಿ ಟಿ.ವಿ.ಯ ಧ್ವನಿಯನ್ನು ಏರಿಸಿ ಮೊಮ್ಮಕ್ಕಳ ಆಕ್ಷೇಪಕ್ಕೆ ಗುರಿಯಾಗುವುದು, ಫೋನಿನಲ್ಲಿ ಮಾತನಾಡುವ ಕೆಲಸವನ್ನು ಹೆಂಡತಿಗೋ ಮಗನಿಗೋ ವಹಿಸುವುದು, ಕಟ್ಟಕಡೆಗೆ ಜನ ಸೇರುವಲ್ಲಿಗೆ ಹೋಗುವುದನ್ನೇ ಬಿಟ್ಟುಬಿಡುವುದು, ಇವೆಲ್ಲವನ್ನೂ ವಯೋಧರ್ಮವೆಂಬ ಒಂದೇ ಮಾತಿನ ಕೆಳಗೆ ಮುಚ್ಚಿಟ್ಟು ನಾವು ದಿನಗಳನ್ನು ನೂಕುತ್ತೇವೆ.

ನಾನು ಹೃದ್ರೋಗತಜ್ಞನೂ ಅಲ್ಲ, ಕರ್ಣವೈದ್ಯನೂ ಅಲ್ಲ. ವೈದ್ಯಕೀಯ ಕಾಲೇಜಿನಲ್ಲಿ ಶರೀರಕ್ರಿಯಾಶಾಸ್ತ್ರವನ್ನು ಬೋಧಿಸಿ ನಿವೃತ್ತನಾದ ಅಧ್ಯಾಪಕ. ರಕ್ತಪರಿಚಲನೆಯ ಪಾಠವನ್ನು ವರ್ಷದ ಒಂದು ಭಾಗದಲ್ಲಿಯೂ ಶ್ರವಣೇಂದ್ರಿಯದ ಪಾಠವನ್ನು ಮತ್ತೊಂದು ಭಾಗದಲ್ಲಿಯೂ ಹೇಳುವುದು ನಮ್ಮ ಪಠ್ಯಕ್ರಮದ ಪದ್ಧತಿ. ಆಸ್ಪತ್ರೆಗಳಲ್ಲಿಯೂ ಹಾಗೆಯೇ, ಹೃದಯದ ವಿಭಾಗ ಒಂದು ಕಡೆ, ಕಿವಿ-ಮೂಗು-ಗಂಟಲಿನ ವಿಭಾಗ ಇನ್ನೊಂದು ಕಡೆ, ಒಂದರ ಕಾಗದಪತ್ರ ಮತ್ತೊಂದರ ಮೇಜನ್ನು ತಲುಪುವುದು ಅಪರೂಪ. ಕಲಿಕೆಯ ಮತ್ತು ಆಡಳಿತದ ಸೌಕರ್ಯಕ್ಕಾಗಿ ಮಾಡಿಕೊಂಡ ಈ ವಿಭಜನೆ ರೋಗಿಯ ಮನಸ್ಸಿನಲ್ಲಿಯೂ ನೆಲೆಗೊಂಡಿರುವುದರಿಂದಲೇ ಈ ಪತ್ರವನ್ನು ಬರೆಯಬೇಕಾಗಿದೆ. ನಿಮ್ಮ ಮುಂದೆ ಇಡಬೇಕೆಂದಿರುವ ಮಾತು ಒಂದೇ: ಹೃದಯದ ಅಥವಾ ರಕ್ತನಾಳಗಳ ವ್ಯಾಧಿಯುಳ್ಳವರು ಕಿವಿ ಮಂದವಾಗುತ್ತ ಬಂದುದನ್ನು ಬರಿಯ ಮುಪ್ಪಿನ ಲಕ್ಷಣವೆಂದು ಬದಿಗೆ ಸರಿಸಕೂಡದು, ಕಿವಿ ಮಂದವಾದವರು ತಮ್ಮ ರಕ್ತದೊತ್ತಡ, ಸಕ್ಕರೆ, ಕೊಲೆಸ್ಟರಾಲುಗಳನ್ನು ಪರೀಕ್ಷಿಸಿಕೊಳ್ಳದೆ ಇರಕೂಡದು.

ಇದರ ಕಾರಣವನ್ನು ತಿಳಿಯಬೇಕಾದರೆ ಒಳಕಿವಿಯ ರಚನೆಯನ್ನು ಸ್ವಲ್ಪ ಸಾವಧಾನವಾಗಿ ನೋಡಬೇಕು. ನಾವು ಕಿವಿಯೆಂದು ಕರೆಯುವ, ಓಲೆ ಹತ್ತಕಡಕುಗಳಿಗೆ ಆಶ್ರಯವಾದ ಹೊರಗಿನ ಅಂಗವು ಕೇವಲ ದ್ವಾರ. ಶಬ್ದವನ್ನು ನರಸಂಕೇತವಾಗಿ ಪರಿವರ್ತಿಸುವ ನಿಜವಾದ ಇಂದ್ರಿಯವು ತಲೆಬುರುಡೆಯ ಅತ್ಯಂತ ಗಟ್ಟಿಯಾದ ಮೂಳೆಯೊಳಗೆ, ಶಂಖದಂತೆ ಎರಡೂವರೆ ಸುತ್ತು ಸುರುಳಿಗೊಂಡು ಹುದುಗಿರುವ ಕಾಕ್ಲಿಯಾ. ಬಿಚ್ಚಿ ನೇರಮಾಡಿದರೆ ಅದರ ಉದ್ದ ಸುಮಾರು 35 ಮಿಲಿಮೀಟರು. ಅದರೊಳಗೆ ಸಾಲುಗಟ್ಟಿ ನಿಂತಿರುವ ಸುಮಾರು 15,000 ರೋಮಕೋಶಗಳೇ ನಾವು ಹುಟ್ಟಿದಂದಿನಿಂದ ಕೇಳಿದ ಸಕಲ ಧ್ವನಿಗಳ ಗ್ರಾಹಕರು. ಹಕ್ಕಿಗಳಲ್ಲಿ ಈ ಕೋಶಗಳು ನಾಶವಾದರೆ ಹೊಸವು ಹುಟ್ಟುತ್ತವೆ. ಮನುಷ್ಯನಿಗೆ ಆ ಭಾಗ್ಯವಿಲ್ಲ. ಶಬ್ದದ ಅಲೆಯು ಈ ಸುರುಳಿಯುದ್ದಕ್ಕೂ ಹೇಗೆ ಸಂಚರಿಸಿ, ಸ್ಥಾಯಿಗೆ ತಕ್ಕಂತೆ ಬೇರೆ ಬೇರೆ ಸ್ಥಾನಗಳಲ್ಲಿ ಹೇಗೆ ಉಬ್ಬುತ್ತದೆಂಬುದನ್ನು ತೋರಿಸಿಕೊಟ್ಟ ಗೇಯಾರ್ಗ್ ಫಾನ್ ಬೇಕೆಷಿಯವರಿಗೆ 1961ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು.

ಬೇಕೆಷಿಯವರ ಅಲೆಯನ್ನು ವಿದ್ಯಾರ್ಥಿಗಳು ಆಸಕ್ತಿಯಿಂದ ಕಲಿಯುತ್ತಿದ್ದರು. ಅದಕ್ಕಿಂತ ಸೋಜಿಗವಾದ ಇನ್ನೊಂದು ಸಂಗತಿಯ ಬಳಿ ಅವರು ಅಷ್ಟಾಗಿ ನಿಲ್ಲುತ್ತಿರಲಿಲ್ಲ. ರೋಮಕೋಶಗಳು ಕೆಲಸ ಮಾಡಬೇಕಾದರೆ ಅವುಗಳ ಮೇಲ್ಭಾಗವನ್ನು ತೊಯ್ಯಿಸುವ ದ್ರವದಲ್ಲಿ ಸುಮಾರು 80 ಮಿಲಿವೋಲ್ಟಿನಷ್ಟು ವಿದ್ಯುದ್ವಿಭವ ಸದಾ ಇರಬೇಕು. ಈ ವಿದ್ಯುತ್ತನ್ನು ಹಗಲಿರುಳೆನ್ನದೆ ಉತ್ಪಾದಿಸುವುದು ಕಾಕ್ಲಿಯಾದ ಹೊರಗೋಡೆಗೆ ಅಂಟಿಕೊಂಡಿರುವ, ಸೂಕ್ಷ್ಮ ರಕ್ತನಾಳಗಳಿಂದ ಹೆಣೆದ ಒಂದು ಪಟ್ಟಿ. ಇಟಲಿಯ ಅಂಗರಚನಾಶಾಸ್ತ್ರಜ್ಞ ಆಲ್ಫಾನ್ಸೋ ಕಾರ್ಟಿಯವರು 1851ರಷ್ಟು ಹಿಂದೆಯೇ ವರ್ಣಿಸಿದ ಇದಕ್ಕೆ ಸ್ಟ್ರಯಾ ವ್ಯಾಸ್ಕುಲಾರಿಸ್ ಎಂದು ಹೆಸರು. ಇದರ ಆಮ್ಲಜನಕದ ಹಸಿವು ಬಹಳ ದೊಡ್ಡದು. ಪ್ರಯೋಗಶಾಲೆಯ ಪ್ರಾಣಿಗಳಲ್ಲಿ ಆಮ್ಲಜನಕದ ಪೂರೈಕೆಯನ್ನು ತಡೆದರೆ ಕೆಲವೇ ನಿಮಿಷಗಳೊಳಗೆ ಆ ವಿಭವವು ಕುಸಿದುಬೀಳುತ್ತದೆ. ನಿದ್ರೆಯಲ್ಲಿಯೂ ವಿರಮಿಸದ, ಹಸಿವನ್ನು ಮುಂದೂಡಲಾರದ ಅಂಗಾಂಶವೆಂದರೆ ಹೃದಯದ ಸ್ನಾಯು ಎಂದು ನಾವೆಲ್ಲ ಬಲ್ಲೆವು. ಅಂತಹುದೇ ಇನ್ನೊಂದು ನಮ್ಮ ಕಿವಿಯೊಳಗೆ ಇರುವುದೆಂಬುದನ್ನು ತಿಳಿದವರು ವಿರಳ.

ಈಗ ಈ ಪಟ್ಟಿಗೆ ರಕ್ತ ಬರುವ ದಾರಿಯನ್ನು ಗಮನಿಸಿರಿ. ಹೃದಯದಿಂದ ಹೊರಟ ರಕ್ತವು ಮಹಾಧಮನಿಯ ಮೂಲಕ ಕತ್ತಿನ ಹಿಂಭಾಗದ ಬೆನ್ನೆಲುಬಿನ ಧಮನಿಗಳನ್ನು ಏರಿ, ಅವೆರಡೂ ಕೂಡಿ ಆದ ಮಿದುಳಿನ ಬುಡದ ಧಮನಿಯನ್ನು ಸೇರಿ, ಅಲ್ಲಿಂದ ಸಾಮಾನ್ಯವಾಗಿ ಕಿರುಮಿದುಳಿಗೆ ಹೋಗುವ ಒಂದು ಶಾಖೆಯನ್ನು ಹಿಡಿದು, ಆ ಶಾಖೆಯಿಂದ ಒಡೆದ ದಾರದೆಳೆಯಂತಹ ಉಪಶಾಖೆಯ ಮೂಲಕ ಒಳಕಿವಿಯನ್ನು ಪ್ರವೇಶಿಸುತ್ತದೆ. ದೇಹದ ಅನೇಕ ಅಂಗಗಳಿಗೆ ಒಂದು ನಾಳ ಕಟ್ಟಿದರೆ ಪಕ್ಕದ ನಾಳದಿಂದ ರಕ್ತ ತಂದುಕೊಳ್ಳುವ ಉಪಾಯವಿದೆ. ಒಳಕಿವಿಗೆ ಅಂತಹ ಪರ್ಯಾಯ ಮಾರ್ಗ ಇಲ್ಲವೆಂದೇ ಹೇಳಬೇಕು. ಮಂಡ್ಯ ಜಿಲ್ಲೆಯ ವಿಶ್ವೇಶ್ವರಯ್ಯ ನಾಲೆಯ ಕಡೇ ಭಾಗದಲ್ಲಿ ಗದ್ದೆ ಮಾಡುವ ರೈತರಿಗೆ ಇದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ: ಅಣೆಕಟ್ಟೆಯಲ್ಲಿ ನೀರು ತಗ್ಗಿದರೂ, ನಡುದಾರಿಯಲ್ಲಿ ಹೂಳು ತುಂಬಿದರೂ, ಮೊದಲು ಒಣಗುವುದು ನಾಲೆಯ ಕೊನೆಯ ಗದ್ದೆ.

ರಕ್ತನಾಳಗಳನ್ನು ಕೆಡಿಸುವ ಶತ್ರುಗಳು ನಮಗೆ ಹೊಸಬರಲ್ಲ. ಹೆಚ್ಚಿದ ರಕ್ತದೊತ್ತಡ ನಾಳದ ಗೋಡೆಯನ್ನು ದಪ್ಪಗಾಗಿಸುತ್ತದೆ. ಕೆಟ್ಟ ಕೊಲೆಸ್ಟರಾಲು ಒಳಪದರದಲ್ಲಿ ಸಂಚಯವಾಗುತ್ತದೆ. ಸಕ್ಕರೆ ಕಾಯಿಲೆ ಅತಿಸೂಕ್ಷ್ಮ ನಾಳಗಳನ್ನು ಹುಡುಕಿ ಹುಡುಕಿ ಹಾಳುಮಾಡುತ್ತದೆ. ತಂಬಾಕು ಈ ಮೂರಕ್ಕೂ ಒತ್ತಾಸೆಯಾಗಿ ನಿಲ್ಲುತ್ತದೆ. ಹೃದಯದ ಧಮನಿಯನ್ನೂ, ಮೂತ್ರಪಿಂಡದ ಜಾಲವನ್ನೂ, ಕಣ್ಣಿನ ಅಕ್ಷಿಪಟವನ್ನೂ ಬಿಡದ ಈ ವ್ಯಾಧಿಗಳು ಅವೆಲ್ಲಕ್ಕಿಂತ ನಾಜೂಕಾದ ಒಳಕಿವಿಯ ನಾಳವನ್ನು ಮಾತ್ರ ಮುಟ್ಟದೆ ಬಿಡುವುವೆಂದು ಭಾವಿಸಲು ಯಾವ ಆಧಾರವೂ ಇಲ್ಲ. ಸಕ್ಕರೆ ಕಾಯಿಲೆಯವರಿಗೆ ವರ್ಷಕ್ಕೊಮ್ಮೆ ಕಣ್ಣು ತೋರಿಸಿಕೊಳ್ಳಿರೆಂದು ಹೇಳುವ ಪದ್ಧತಿ ಎಲ್ಲೆಡೆಯೂ ಬಂದಿದೆ. ಅಮೆರಿಕದ ರಾಷ್ಟ್ರೀಯ ಸಮೀಕ್ಷೆಯ ಅಂಕಿಗಳನ್ನು ಆಧರಿಸಿ 2008ರಲ್ಲಿ ಪ್ರಕಟವಾದ ಅಧ್ಯಯನವು ಸಕ್ಕರೆ ಕಾಯಿಲೆಯುಳ್ಳ ವಯಸ್ಕರಲ್ಲಿ ಶ್ರವಣದೋಷವು ಇತರರಿಗಿಂತ ಸುಮಾರು ಎರಡು ಪಟ್ಟು ಹೆಚ್ಚೆಂದು ತೋರಿಸಿದ ಮೇಲೂ ಕಿವಿಯನ್ನು ಪರೀಕ್ಷಿಸಿಕೊಳ್ಳಿರೆಂಬ ಮಾತು ಅಷ್ಟು ವ್ಯಾಪಕವಾಗಿಲ್ಲ.

ಈ ವಿಷಯದ ಇತಿಹಾಸದಲ್ಲಿ ನನ್ನ ಗೌರವಕ್ಕೆ ವಿಶೇಷವಾಗಿ ಪಾತ್ರರಾದವರು ನ್ಯೂಯಾರ್ಕಿನ ಕರ್ಣವೈದ್ಯ ಸ್ಯಾಮ್ಯುಯಲ್ ರೋಸೆನ್. 1952ರಲ್ಲಿ ಒಂದು ಶಸ್ತ್ರಕ್ರಿಯೆಯ ನಡುವೆ, ರೋಗಿಯ ನಡುಕಿವಿಯಲ್ಲಿ ಬಿಗಿದುಹೋಗಿದ್ದ ರಿಕಾಪಿನಾಕಾರದ ಕಿರುಮೂಳೆಯನ್ನು ಅವರು ಸಲಾಕೆಯಿಂದ ಮುಟ್ಟಿ ನೋಡುತ್ತಿದ್ದಾಗ ಅದು ಸಡಿಲಗೊಂಡು, ಎಚ್ಚರವಾಗಿಯೇ ಇದ್ದ ರೋಗಿ ತನಗೆ ಕೇಳಿಸುತ್ತಿದೆಯೆಂದು ಹೇಳಿದನು. ಆ ಆಕಸ್ಮಿಕವನ್ನು ಒಂದು ಚಿಕಿತ್ಸಾಕ್ರಮವಾಗಿ ಬೆಳೆಸಿ ರೋಸೆನ್ನರು ಜಗದ್ವಿಖ್ಯಾತರಾದರು. ಅಷ್ಟಕ್ಕೇ ತೃಪ್ತರಾಗಿ ನಿಲ್ಲಬಹುದಾಗಿದ್ದ ವಯಸ್ಸಿನಲ್ಲಿ ಅವರನ್ನು ಬೇರೊಂದು ಪ್ರಶ್ನೆ ಕಾಡತೊಡಗಿತು: ವಯಸ್ಸಾದಂತೆ ಕಿವಿ ಮಂದವಾಗುವುದು ಮನುಷ್ಯಕುಲದ ಅನಿವಾರ್ಯ ವಿಧಿಯೆ, ಅಥವಾ ನಾವು ಬದುಕುವ ರೀತಿಯ ಫಲವೆ?

ಉತ್ತರವನ್ನು ಅರಸಿಕೊಂಡು ಅವರು ಸಹೋದ್ಯೋಗಿಗಳೊಡನೆ ಶ್ರವಣಮಾಪಕ ಯಂತ್ರಗಳನ್ನು ಹೊತ್ತು, ಇಥಿಯೋಪಿಯದ ಗಡಿಯ ಸಮೀಪದ, ಅಂದು ಸೂಡಾನಿಗೆ ಸೇರಿದ್ದು ಈಗ ದಕ್ಷಿಣ ಸೂಡಾನಿನಲ್ಲಿರುವ ಮಬಾನ್ ಜನರ ಪ್ರದೇಶಕ್ಕೆ ಹೋದರು. ಜೋಳವನ್ನು ಮುಖ್ಯ ಆಹಾರವಾಗಿ ಉಳ್ಳ, ಬಂದೂಕಿನ ಸದ್ದಾಗಲಿ ಯಂತ್ರಗಳ ಸದ್ದಾಗಲಿ ಇಲ್ಲದ ಹುಲ್ಲುಗುಡಿಸಲುಗಳ ಆ ಗ್ರಾಮಗಳಲ್ಲಿ ವೃದ್ಧರ ಶ್ರವಣಶಕ್ತಿಯು ಅದೇ ವಯಸ್ಸಿನ ಅಮೆರಿಕನ್ನರದಕ್ಕಿಂತ ಬಹಳ ಚೆನ್ನಾಗಿರುವುದು ಕಂಡುಬಂದಿತು. ಗ್ರಾಮದ ನಿಶ್ಶಬ್ದತೆಯೇ ಇದಕ್ಕೆ ಕಾರಣವೆಂದು ಬರೆದು ಅವರು ಹಿಂದಿರುಗಬಹುದಾಗಿತ್ತು. ಆದರೆ ಕಿವಿಯನ್ನು ಪರೀಕ್ಷಿಸಲು ಹೋದ ಆ ವೈದ್ಯರು ತೋಳಿಗೆ ಪಟ್ಟಿ ಕಟ್ಟಿ ರಕ್ತದೊತ್ತಡವನ್ನೂ ಅಳೆದರು. ಯೌವನದಿಂದ ಮುಪ್ಪಿನವರೆಗೆ ಆ ಜನರ ಒತ್ತಡ ಏರದೆ ಇರುವುದನ್ನೂ, ಅವರಲ್ಲಿ ಹೃದಯದ ಧಮನಿಗಳ ರೋಗ ಕಾಣಬಾರದಿರುವುದನ್ನೂ ಗುರುತಿಸಿದರು. 1962ರಲ್ಲಿ ಪ್ರಕಟವಾದ ಈ ವರದಿಯ ಹಿರಿಮೆಯಿರುವುದು ಒಂದು ಅಂಗವನ್ನು ನೋಡುವಾಗ ಇನ್ನೊಂದರ ಕಡೆಗೂ ಕಣ್ಣು ಹಾಯಿಸಿದ ಈ ಔದಾರ್ಯದಲ್ಲಿ. ಸದ್ದಿಲ್ಲದ ಬದುಕು, ಸಪೂರ ದೇಹ, ಕೊಬ್ಬು ಕಡಿಮೆಯಾದ ಆಹಾರ, ವಂಶಗುಣ, ಇವುಗಳಲ್ಲಿ ಯಾವುದಕ್ಕೆ ಎಷ್ಟು ಪಾಲು ಸಲ್ಲಬೇಕೆಂಬುದನ್ನು ಆ ಒಂದು ಯಾತ್ರೆಯಿಂದ ನಿರ್ಣಯಿಸುವುದು ಸಾಧ್ಯವಿರಲಿಲ್ಲ. ಹುಟ್ಟಿದ ದಿನವನ್ನು ಬರೆದಿಡದ ಸಮಾಜದಲ್ಲಿ ವೃದ್ಧರ ವಯಸ್ಸನ್ನು ಖಚಿತವಾಗಿ ಹೇಳುವುದೂ ಕಷ್ಟವೆಂದು ವಿಮರ್ಶಕರು ಆಕ್ಷೇಪಿಸಿದುದು ನ್ಯಾಯವೇ ಆಗಿದ್ದಿತು.

ರೋಸೆನ್ನರು ಅಲ್ಲಿಗೆ ಬಿಡಲಿಲ್ಲ. ಹೃದ್ರೋಗದಿಂದ ಬಹಳವಾಗಿ ಪೀಡಿತವಾಗಿದ್ದ ಫಿನ್ಲೆಂಡಿನಲ್ಲಿ, ಹೆಲ್ಸಿಂಕಿಯ ಸಮೀಪದ ಎರಡು ಮನೋರೋಗ ಆಸ್ಪತ್ರೆಗಳಲ್ಲಿ 1959ರಿಂದ ಒಂದು ಆಹಾರಪ್ರಯೋಗ ನಡೆಯುತ್ತಿದ್ದಿತು. ಒಂದು ಆಸ್ಪತ್ರೆಯವರಿಗೆ ಹಾಲಿನ ಕೊಬ್ಬನ್ನು ತೆಗೆದು ಸೋಯಾ ಎಣ್ಣೆಯನ್ನು ಬೆರೆಸಿದ ಹಾಲು, ಬೆಣ್ಣೆಗೆ ಬದಲಾಗಿ ಮೃದುವಾದ ಮಾರ್ಗರೀನು. ಇನ್ನೊಂದರವರಿಗೆ ದೇಶದ ವಾಡಿಕೆಯ ಊಟ. ಆರು ವರ್ಷಗಳ ಬಳಿಕ ಎರಡೂ ಆಸ್ಪತ್ರೆಗಳ ಆಹಾರವನ್ನು ಅದಲುಬದಲು ಮಾಡಲಾಯಿತು. ರೋಸೆನ್ ಮತ್ತು ಪೆಕ್ಕಾ ಓಲಿನ್ ಅಲ್ಲಿನವರ ಕಿವಿಗಳನ್ನು ಪರೀಕ್ಷಿಸಿ, ಹೃದಯಕ್ಕೆ ಹಿತವಾದ ಆಹಾರವನ್ನು ಉಂಡವರ ಶ್ರವಣವೂ ಉತ್ತಮವಾಗಿದ್ದಿತೆಂದು 1965ರಲ್ಲಿ ವರದಿಮಾಡಿದರು. ಆಹಾರ ಬದಲಾದ ಮೇಲೆ ಮತ್ತೆ ಪರೀಕ್ಷಿಸಿದಾಗ ಶ್ರವಣದ ತಾರತಮ್ಯವೂ ತಿರುವುಮುರುವಾಯಿತೆಂದು 1970ರಲ್ಲಿ ತಿಳಿಸಿದರು. ಮನೋರೋಗಿಗಳನ್ನು ಹೀಗೆ ಪ್ರಯೋಗಕ್ಕೆ ಒಳಪಡಿಸುವುದು ಇಂದಿನ ವೈದ್ಯನೀತಿಗೆ ಸುಲಭವಾಗಿ ಸಮ್ಮತವಾಗತಕ್ಕದ್ದಲ್ಲ. ರೋಗಿಗಳನ್ನು ಚೀಟಿಯೆತ್ತಿ ವಿಂಗಡಿಸದೆ ಇಡೀ ಆಸ್ಪತ್ರೆಗಳನ್ನೇ ಹೋಲಿಸಿದುದು ಅದರ ಶಾಸ್ತ್ರೀಯ ದೌರ್ಬಲ್ಯ. ಇಷ್ಟಾದರೂ ಹೃದಯಕ್ಕೆಂದು ಬಡಿಸಿದ ಊಟ ಕಿವಿಗೂ ತಲುಪಬಹುದೆಂಬ ಭಾವನೆಯನ್ನು ವೈದ್ಯಲೋಕದಲ್ಲಿ ಮೊದಲು ಬಿತ್ತಿದವರಲ್ಲಿ ಈ ಇಬ್ಬರ ಹೆಸರನ್ನು ಕೃತಜ್ಞತೆಯಿಂದ ನೆನೆಯಬೇಕು.

ಮುಂದಿನ ಸಾಕ್ಷ್ಯ ಬಂದುದು ಅಮೆರಿಕದ ಮ್ಯಾಸಚೂಸೆಟ್ಸ್ ಪ್ರಾಂತದ ಫ್ರೇಮಿಂಗ್‌ಹ್ಯಾಮ್ ಎಂಬ ಪಟ್ಟಣದಿಂದ. ಹೃದ್ರೋಗದ ಕಾರಣಗಳನ್ನು ಅರಿಯುವುದಕ್ಕಾಗಿ 1948ರಲ್ಲಿ ಆ ಊರಿನ 5,209 ಸ್ತ್ರೀಪುರುಷರನ್ನು ಆರಿಸಿಕೊಂಡು, ಅವರ ಜೀವಮಾನವೆಲ್ಲ ಬೆನ್ನುಹತ್ತಿ ಪರೀಕ್ಷಿಸುತ್ತ ಬಂದ ಅಧ್ಯಯನದಿಂದಲೇ ರಕ್ತದೊತ್ತಡ, ಕೊಲೆಸ್ಟರಾಲು, ಧೂಮಪಾನಗಳ ಕೇಡನ್ನು ಜಗತ್ತು ಸ್ಪಷ್ಟವಾಗಿ ಕಲಿತುದು. ಅವರಲ್ಲಿ ಮುಪ್ಪಿಗೆ ಬಂದ 1,662 ಮಂದಿಯ ಶ್ರವಣವನ್ನು ಅವರ ಹೃದಯದ ಚರಿತ್ರೆಯೊಡನೆ ತಾಳೆನೋಡಿ, ಜಾರ್ಜ್ ಗೇಟ್ಸ್ ಮತ್ತು ಸಂಗಡಿಗರು 1993ರಲ್ಲಿ ಪ್ರಕಟಿಸಿದ ಲೇಖನವು ಎರಡಕ್ಕೂ ಸಂಬಂಧವಿರುವುದನ್ನು ತೋರಿಸಿತು. ಸಂಬಂಧವು ಪುರುಷರಿಗಿಂತ ಸ್ತ್ರೀಯರಲ್ಲಿ ಹೆಚ್ಚು ಬಲವಾಗಿದ್ದಿತು. ಅದು ವಿಶೇಷವಾಗಿ ಕಂಡುಬಂದುದು ಕೆಳಸ್ಥಾಯಿಯ ಧ್ವನಿಗಳು ಕೇಳಿಸದಿರುವವರಲ್ಲಿ. ಈ ಕೊನೆಯ ಅಂಶ ಮುಖ್ಯವಾದುದು. ವಯಸ್ಸಿನಿಂದ ಮತ್ತು ಸದ್ದಿನಿಂದ ಮೊದಲು ಸವೆಯುವುದು ಮೇಲುಸ್ಥಾಯಿ. ಹಕ್ಕಿಯ ಚಿಲಿಪಿಲಿ, ಮಗುವಿನ ಸಣ್ಣ ದನಿ, ಮಾತಿನಲ್ಲಿ ಸಕಾರ ಶಕಾರಗಳು. ರಕ್ತನಾಳಗಳ ಆ ಪಟ್ಟಿಯೇ ಕ್ಷೀಣಿಸಿದಾಗ ಎಲ್ಲ ಸ್ಥಾಯಿಗಳೂ ಒಟ್ಟಿಗೆ ತಗ್ಗುವ ಸಂಭವವುಂಟೆಂದು ಬಾಸ್ಟನ್ನಿನ ಹೆರಾಲ್ಡ್ ಷುಕ್ನೆಕ್ಟ್ ಮೃತರ ಕಿವಿಗಳ ಸೂಕ್ಷ್ಮಪರೀಕ್ಷೆಯಿಂದ ಅದಕ್ಕೆ ಮೊದಲೇ ಸೂಚಿಸಿದ್ದರು. ಶ್ರವಣ ಪರೀಕ್ಷೆಯ ಕಾಗದದ ಮೇಲಿನ ಗೆರೆ ಬಲಕ್ಕೆ ಮಾತ್ರ ಇಳಿದಿದೆಯೆ, ಎಡದಿಂದಲೇ ತಗ್ಗಿದೆಯೆ ಎಂಬುದನ್ನು ಒಬ್ಬ ಜಾಗರೂಕ ವೈದ್ಯನು ಹೀಗೆ ಹೃದಯದ ದೃಷ್ಟಿಯಿಂದಲೂ ಓದಬಲ್ಲನು.

ವಿಸ್ಕಾನ್ಸಿನ್ ಪ್ರಾಂತದ ಬೀವರ್ ಡ್ಯಾಮ್ ಎಂಬ ಊರಿನ ನಿವಾಸಿಗಳ ಅಧ್ಯಯನವು ಧೂಮಪಾನಿಗಳಲ್ಲಿ ಶ್ರವಣದೋಷದ ಸಾಧ್ಯತೆ ಇತರರಿಗಿಂತ 1.69 ಪಟ್ಟು ಎಂದು 1998ರಲ್ಲಿ ತಿಳಿಸಿತು. ಬೀಡಿ ಸಿಗರೇಟುಗಳನ್ನು ಎದೆನೋವಿನ ಭಯದಿಂದಲೂ ಬಿಡಲಾರದವರು ಮೊಮ್ಮಗಳ ಮಾತಿನ ಆಸೆಯಿಂದಲಾದರೂ ಬಿಡಬಹುದೆಂದು ನಾನು ನಿಜವಾಗಿಯೂ ನಂಬಿದ್ದೇನೆ.

ಇಷ್ಟನ್ನು ಹೇಳಿದ ಮೇಲೆ ಅತಿಶಯೋಕ್ತಿಯಿಂದ ನಿಮ್ಮನ್ನು ಹೆದರಿಸದಿರುವುದೂ ನನ್ನ ಕರ್ತವ್ಯ. ಎರಡು ಸಂಗತಿಗಳು ಜೊತೆಯಾಗಿ ಕಾಣಬರುವುದು ಬೇರೆ, ಒಂದು ಇನ್ನೊಂದನ್ನು ಉಂಟುಮಾಡುವುದು ಬೇರೆ. ಕಿವಿ ಮಂದವಾದವರೆಲ್ಲರಿಗೂ ಹೃದ್ರೋಗವಿಲ್ಲ. ಗುಗ್ಗೆ ಕಟ್ಟಿದುದರಿಂದ, ಹಳೆಯ ಸೋರುಕಿವಿಯಿಂದ, ಕಾರ್ಖಾನೆಯ ಸದ್ದಿನಿಂದ, ವಂಶಪಾರಂಪರ್ಯದಿಂದ ಕಿವಿ ಕೆಟ್ಟವರು ನಮ್ಮಲ್ಲಿ ಎಷ್ಟೋ ಮಂದಿ. ರಕ್ತದೊತ್ತಡವನ್ನು ಹತೋಟಿಗೆ ತಂದ ಮಾತ್ರಕ್ಕೆ ಹೋದ ಶ್ರವಣ ಮರಳುವುದಿಲ್ಲ, ಏಕೆಂದರೆ ಸತ್ತ ರೋಮಕೋಶ ಮತ್ತೆ ಹುಟ್ಟದು. ಉಳಿದಿರುವುದನ್ನು ಉಳಿಸಿಕೊಳ್ಳುವ ಸಾಧ್ಯತೆ ಮಾತ್ರ ಇದೆ. ಆ ಸಾಧ್ಯತೆಗಾಗಿ ಮಾಡಬೇಕಾದ ಪಥ್ಯ, ನಡಿಗೆ, ಮಾತ್ರೆಗಳೆಲ್ಲ ಹೃದಯಕ್ಕಾಗಿ ಹೇಗೂ ಮಾಡಲೇಬೇಕಾದವು.

ಆದರೆ ಒಂದು ಸಂದರ್ಭದಲ್ಲಿ ಮಾತ್ರ ಹೆದರಿಕೆಯೇ ಹಿತ. ರಾತ್ರಿ ಮಲಗುವಾಗ ಚೆನ್ನಾಗಿದ್ದ ಕಿವಿ ಬೆಳಗ್ಗೆ ಏಳುವಷ್ಟರಲ್ಲಿ ಕೇಳಿಸದಂತಾಗುವುದುಂಟು. ನೆಗಡಿಯಿಂದ ಕಟ್ಟಿದೆಯೆಂದೋ, ಸ್ನಾನದ ನೀರು ಹೋಗಿದೆಯೆಂದೋ, ಬಿಸಿಯೆಣ್ಣೆ ಬಿಟ್ಟರೆ ಸರಿಹೋಗುವುದೆಂದೋ ವಾರಗಟ್ಟಲೆ ಕಾಯುವವರನ್ನು ಕುರಿತು ಹೇಳುತ್ತೇನೆ: ಅದು ಅದೇ ದಿನ ವೈದ್ಯರನ್ನು ಕಾಣಬೇಕಾದ ತುರ್ತು. ಬೇಗ ಚಿಕಿತ್ಸೆ ದೊರೆತರೆ ಶ್ರವಣ ಮರಳುವ ಅವಕಾಶವಿದೆ. ವಾರಗಳು ಕಳೆದಂತೆ ಅದು ಕ್ಷೀಣಿಸುತ್ತದೆ. ಇಂತಹ ಹಠಾತ್ ಕಿವುಡಿಗೆ ಬಹುಪಾಲು ಪ್ರಸಂಗಗಳಲ್ಲಿ ಖಚಿತವಾದ ಕಾರಣ ಸಿಕ್ಕುವುದಿಲ್ಲವಾದರೂ, ತೈವಾನಿನಲ್ಲಿ ಇದಕ್ಕೆ ಗುರಿಯಾದ 1,423 ರೋಗಿಗಳನ್ನು ಐದು ವರ್ಷ ಗಮನಿಸಿದಾಗ ಅವರಲ್ಲಿ ಪಾರ್ಶ್ವವಾಯುವಿನ ಸಂಭವ ಹೋಲಿಕೆಯ ಗುಂಪಿಗಿಂತ 1.64 ಪಟ್ಟು ಹೆಚ್ಚಾಗಿದ್ದಿತೆಂದು 2008ರಲ್ಲಿ ಪ್ರಕಟವಾಯಿತು. ಕಿವಿ ಕಟ್ಟುವುದರೊಡನೆ ತಲೆಸುತ್ತು, ಮಾತಿನ ತೊದಲು, ಮುಖ ಸೊಟ್ಟಗಾಗುವುದು, ಎರಡೆರಡಾಗಿ ಕಾಣುವುದು ಇವುಗಳಲ್ಲಿ ಯಾವುದಾದರೂ ಸೇರಿದರೆ ಕಿವಿಯ ವೈದ್ಯರ ಸರದಿಗೂ ಕಾಯದೆ ದೊಡ್ಡ ಆಸ್ಪತ್ರೆಯ ತುರ್ತುಚಿಕಿತ್ಸಾ ವಿಭಾಗಕ್ಕೆ ಹೋಗತಕ್ಕದ್ದು. ಒಳಕಿವಿಗೆ ರಕ್ತ ಕೊಡುವ ಶಾಖೆಯೇ ಮಿದುಳಿನ ಒಂದು ಭಾಗಕ್ಕೂ ರಕ್ತ ಕೊಡುತ್ತದೆಂಬುದನ್ನು ಮೇಲೆಯೇ ಹೇಳಿದ್ದೇನೆ. ಹಾಗೆಯೇ, ಕಿವಿಯೊಳಗೆ ನಾಡಿಯ ಲಯಕ್ಕೆ ಸರಿಯಾಗಿ ಹೊಸದಾಗಿ ಧುಂ ಧುಂ ಎಂಬ ಸದ್ದು ಕೇಳಿಸತೊಡಗಿದರೆ ಅದನ್ನು ತಿಳಿಸದೆ ಇರಬೇಡಿರಿ. ಕೆಲವರಲ್ಲಿ ಅದು ಕತ್ತಿನ ಧಮನಿ ಕಿರಿದಾದುದರ ಸೂಚನೆಯಾಗಿರುತ್ತದೆ.

ಔಷಧಿಗಳ ವಿಚಾರವಾಗಿಯೂ ಒಂದು ಮಾತು. ಕಾಲು ಊದಿಕೊಂಡವರಿಗೆ, ಹೃದಯದ ಬಲ ತಗ್ಗಿದವರಿಗೆ ಮೂತ್ರ ಹೆಚ್ಚಿಸಲೆಂದು ಕೊಡುವ ಫ್ಯೂರೋಸಮೈಡ್, ಅಂದರೆ ನಮ್ಮವರು ಲ್ಯಾಸಿಕ್ಸ್ ಎಂದು ಕರೆಯುವ ಮದ್ದು, ದೊಡ್ಡ ಪ್ರಮಾಣದಲ್ಲಿ ವೇಗವಾಗಿ ರಕ್ತನಾಳಕ್ಕೆ ಹೋದಾಗ, ಅದರಲ್ಲಿಯೂ ಮೂತ್ರಪಿಂಡ ದುರ್ಬಲವಾಗಿದ್ದವರಲ್ಲಿ, ಶ್ರವಣವನ್ನು ಕುಗ್ಗಿಸಬಲ್ಲದು. ಮೂತ್ರಪಿಂಡದಲ್ಲಿ ಅದು ತಡೆಯುವ ಲವಣವಾಹಕ ಪ್ರೋಟೀನಿಗೆ ನಿಕಟವಾದ ಪ್ರೋಟೀನು ಒಳಕಿವಿಯ ಆ ಪಟ್ಟಿಯಲ್ಲಿಯೂ ಇರುವುದೇ ಇದಕ್ಕೆ ಕಾರಣ. ಆಸ್ಪಿರಿನ್ನಿನ ಅತಿಪ್ರಮಾಣದಿಂದಲೂ ಕಿವಿ ಗುಂಯ್‌ಗುಡುವುದುಂಟು. ರಕ್ತ ಹೆಪ್ಪುಗಟ್ಟದಿರಲೆಂದು ದಿನಕ್ಕೊಂದರಂತೆ ಸೇವಿಸುವ 75 ಮಿಲಿಗ್ರಾಮಿನ ಮಾತ್ರೆಯಿಂದ ಸಾಮಾನ್ಯವಾಗಿ ಅಂತಹ ತೊಂದರೆಯಿಲ್ಲ. ಇದನ್ನು ಓದಿ ಯಾರೂ ತಮ್ಮಷ್ಟಕ್ಕೆ ತಾವೇ ಹೃದಯದ ಮಾತ್ರೆಯನ್ನು ನಿಲ್ಲಿಸಬಾರದೆಂದು ಕೈಮುಗಿದು ಕೇಳಿಕೊಳ್ಳುತ್ತೇನೆ. ಕಿವಿಯಲ್ಲಿ ವ್ಯತ್ಯಾಸ ಕಂಡರೆ ಮಾತ್ರೆ ಬರೆದುಕೊಟ್ಟವರಿಗೆ ತಿಳಿಸುವುದಷ್ಟೇ ನಮ್ಮ ಕೆಲಸ.

ಕಿವಿಯಿಂದ ಹೃದಯಕ್ಕೆ ಹೋಗುವ ದಾರಿಯೂ ಒಂದುಂಟು. ಅದರಲ್ಲಿ ರಕ್ತನಾಳಗಳ ಮಾತೇ ಇಲ್ಲ. ಹೃದಯಾಘಾತವಾಗಿ ಮನೆಗೆ ಮರಳುವ ರೋಗಿಗೆ ಆಸ್ಪತ್ರೆಯ ಗದ್ದಲದ ನಡುವೆ ನರ್ಸಮ್ಮನವರು ಮಾತ್ರೆಗಳ ಕ್ರಮವನ್ನು ಹೇಳುತ್ತಾರೆ: ಇದು ಊಟಕ್ಕೆ ಮುಂಚೆ, ಇದು ರಾತ್ರಿ ಅರ್ಧ, ಇದು ಎದೆನೋವು ಬಂದರೆ ಮಾತ್ರ ನಾಲಗೆಯ ಅಡಿಯಲ್ಲಿ. ಮುಖವಸ್ತ್ರದ ಹಿಂದಿನಿಂದ ಬಂದ ಆ ಮಾತು ಅರ್ಧಂಬರ್ಧ ಕೇಳಿಸಿದ ಹಿರಿಯರು, ಮತ್ತೆ ಕೇಳಿದರೆ ಏನೆಂದುಕೊಳ್ಳುವರೋ ಎಂಬ ಸಂಕೋಚದಿಂದ ಆಗಲೆಂದು ತಲೆಯಾಡಿಸುತ್ತಾರೆ. ಆ ತಲೆಯಾಡಿಸುವಿಕೆಯ ಬೆಲೆ ಎಷ್ಟೆಂಬುದನ್ನು ಯೋಚಿಸಿರಿ. ಮನೆಗೆ ಬಂದ ಮೇಲೆಯೂ ನಡಿಗೆಗೆ ಹೋದರೆ ಹಿಂದಿನ ವಾಹನದ ಸದ್ದು ತಿಳಿಯದೆಂಬ ಅಂಜಿಕೆಯಿಂದ ಒಳಗೇ ಉಳಿಯುವುದು, ಸ್ನೇಹಿತರ ನಡುವೆ ಮಾತು ಹಿಡಿಯಲಾರದೆ ದೂರವಾಗುವುದು, ಒಂಟಿತನದಿಂದ ಮಂಕಾಗುವುದು, ಇವೆಲ್ಲ ದುರ್ಬಲವಾದ ಹೃದಯಕ್ಕೆ ಮೇಲಿಂದ ಮೇಲೆ ಬೀಳುವ ಹೊರೆಗಳು. 70ರಿಂದ 84 ವರ್ಷದ 977 ಮಂದಿ ಅಮೆರಿಕನ್ ಹಿರಿಯರ ಮೇಲೆ ಮೂರು ವರ್ಷ ನಡೆದು 2023ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ, ಶ್ರವಣಸಾಧನವನ್ನೂ ಅದರ ತರಬೇತಿಯನ್ನೂ ಕೊಟ್ಟುದರಿಂದ ಒಟ್ಟು ಗುಂಪಿನ ಬುದ್ಧಿಶಕ್ತಿಯ ಇಳಿಕೆಯಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಆದರೆ ಅವರಲ್ಲಿ ಮೊದಲಿನಿಂದಲೂ ಒಂದು ಹೃದಯಾಧ್ಯಯನಕ್ಕೆ ಸೇರಿದ್ದ, ರಕ್ತದೊತ್ತಡ ಸಕ್ಕರೆಗಳ ಅಪಾಯ ಹೆಚ್ಚಾಗಿದ್ದ 238 ಮಂದಿಯಲ್ಲಿ ಆ ಇಳಿಕೆಯು ಶೇಕಡ 48ರಷ್ಟು ನಿಧಾನಗೊಂಡಿತು. ಶ್ರವಣಸಾಧನದ ಪ್ರಯೋಜನವನ್ನು ಹೆಚ್ಚಾಗಿ ಪಡೆದವರು ನಮ್ಮಂತಹವರೇ ಎಂಬುದು ಇದರ ತಾತ್ಪರ್ಯ.

ಇನ್ನು ಸದ್ದಿನ ವಿಚಾರ. ಅದು ಕಿವಿಯನ್ನು ಕೆಡಿಸುವುದೆಂದು ಎಲ್ಲರೂ ಬಲ್ಲರು. ನಿದ್ರೆಯನ್ನು ಕಲಕಿ, ಒತ್ತಡದ ಹಾರ್ಮೋನುಗಳನ್ನು ಕೆರಳಿಸಿ, ರಕ್ತದೊತ್ತಡವನ್ನು ಏರಿಸಿ ಹೃದಯವನ್ನೂ ಬಳಲಿಸುತ್ತದೆಂಬುದಕ್ಕೆ ವಿಶ್ವ ಆರೋಗ್ಯ ಸಂಸ್ಥೆಯ ಯೂರೋಪ್ ವಿಭಾಗ 2018ರಲ್ಲಿ ಹೊರಡಿಸಿದ ಮಾರ್ಗಸೂಚಿಗಳಲ್ಲಿ ಆಧಾರವಿದೆ. ನಮ್ಮ ದೇಶದ 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ 45 ಡೆಸಿಬೆಲ್ ಮೀರಕೂಡದು. ಹಬ್ಬದ ಪೆಂಡಾಲುಗಳ ಸಮಿತಿಗಳಲ್ಲಿ ನಮ್ಮ ಹಿರಿಯರೇ ಅಧ್ಯಕ್ಷರಾಗಿರುವ ಕಡೆ ಈ ಅಂಕಿಯನ್ನು ತರುಣರಿಗೆ ತಿಳಿಸಿಹೇಳುವ ಅಧಿಕಾರವೂ ಅವರಿಗಿದೆ.

ಎಲ್ಲಿಗೆ ಹೋಗಬೇಕೆಂದು ಕೇಳುವವರಿಗೆ: 1965ರಲ್ಲಿ ಮೈಸೂರಿನಲ್ಲಿ ಸ್ಥಾಪಿತವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ನಮ್ಮ ನಾಡಿನಲ್ಲಿಯೇ ಇರುವುದು ನಮ್ಮ ಸುಯೋಗ, ಮಾನಸಗಂಗೋತ್ರಿಯ ಆ ಆವರಣದಲ್ಲಿ ಪರೀಕ್ಷೆಯಿಂದ ಶ್ರವಣಸಾಧನದವರೆಗೆ ಎಲ್ಲ ವ್ಯವಸ್ಥೆಯೂ ಉಂಟು. ಅಷ್ಟು ದೂರ ಹೋಗಲಾರದವರು ತಮ್ಮ ಜಿಲ್ಲಾಸ್ಪತ್ರೆಯ ಕಿವಿ-ಮೂಗು-ಗಂಟಲಿನ ವಿಭಾಗದಲ್ಲಿ ವಿಚಾರಿಸಿರಿ. ಪರೀಕ್ಷೆಯಲ್ಲಿ ಸೂಜಿಯಿಲ್ಲ, ನೋವಿಲ್ಲ. ಸದ್ದಿಲ್ಲದ ಕೋಣೆಯಲ್ಲಿ ಕುಳಿತು, ಕಿವಿಗೆ ಹಾಕಿದ ಹೆಡ್‌ಫೋನಿನಲ್ಲಿ ಧ್ವನಿ ಕೇಳಿಸಿದಾಗ ಗುಂಡಿ ಒತ್ತುವುದು ಅಥವಾ ಬೆರಳೆತ್ತುವುದು, ಅಷ್ಟೆ. ಶ್ರವಣಸಾಧನದ ಬೆಲೆ ನಮ್ಮಲ್ಲಿ ಅನೇಕರ ಪಿಂಚಣಿಗೆ ಭಾರವೆಂಬುದು ನಿಜ. ಬಡ ಹಿರಿಯರಿಗಾಗಿ ಕೇಂದ್ರ ಸರ್ಕಾರ 2017ರಲ್ಲಿ ಆರಂಭಿಸಿದ ರಾಷ್ಟ್ರೀಯ ವಯೋಶ್ರೀ ಯೋಜನೆಯಲ್ಲಿ ಕೋಲು, ಕನ್ನಡಕಗಳೊಡನೆ ಶ್ರವಣಸಾಧನವೂ ಸೇರಿದೆ. ಕೊಂಡುತಂದ ಸಾಧನವನ್ನು ಗದ್ದಲವೆಂದು ಮೊದಲ ವಾರವೇ ಬೀರುವಿನಲ್ಲಿ ಇಡದೆ, ಅದನ್ನು ಹೊಂದಿಸಿಕೊಟ್ಟವರ ಬಳಿಗೆ ಮತ್ತೆ ಹೋಗಿ ಸರಿಪಡಿಸಿಕೊಳ್ಳಬೇಕು; ವರ್ಷಗಟ್ಟಲೆ ಮಸುಕಾದ ಧ್ವನಿಗೆ ಒಗ್ಗಿದ ಮಿದುಳು ಪೂರ್ಣಧ್ವನಿಗೆ ಒಗ್ಗಲು ಕಾಲ ಬೇಕು. ಹಿರಿಯರ ಮಕ್ಕಳು ಇದನ್ನು ಓದುತ್ತಿದ್ದರೆ ಅವರಲ್ಲಿ ಒಂದು ಬಿನ್ನಹ: ಅಪ್ಪನಿಗೆ, ಅಮ್ಮನಿಗೆ ಕೇಳಿಸದಿದ್ದಾಗ ಕೂಗಬೇಡಿರಿ; ಎದುರಿಗೆ ಬಂದು, ಮುಖ ಕಾಣುವಂತೆ, ನಿಧಾನವಾಗಿ ಮಾತನಾಡಿರಿ.

ಮುಂದಿನ ತಿಂಗಳು ಬಿ.ಪಿ. ತೋರಿಸಲು ಹೋದಾಗ ಮಾತ್ರೆಯ ಚೀಟಿ ಕೈಗೆ ಬಂದೊಡನೆ ಎದ್ದುಬರಬೇಡಿರಿ. ನನಗೆ ಈಚೆಗೆ ಕಿವಿ ಸರಿಯಾಗಿ ಕೇಳಿಸುತ್ತಿಲ್ಲ, ಶ್ರವಣ ಪರೀಕ್ಷೆಗೆ ಬರೆದುಕೊಡಿರಿ ಎಂದು ವೈದ್ಯರನ್ನು ಸ್ಪಷ್ಟವಾಗಿ ಕೇಳಿರಿ. ಈಗಾಗಲೇ ಕಿವಿಗೆ ಸಾಧನ ಧರಿಸಿದವರು ಬಿ.ಪಿ.ಯನ್ನೂ ಸಕ್ಕರೆಯನ್ನೂ ಕೊಲೆಸ್ಟರಾಲನ್ನೂ ಅಳೆಯಿಸಿಕೊಳ್ಳಿರಿ. ಎರಡು ಪರೀಕ್ಷೆಗಳ ಕಾಗದಗಳನ್ನೂ ಒಂದೇ ಕಡತದಲ್ಲಿ ಇಟ್ಟು, ಹೋದಲ್ಲೆಲ್ಲ ಎರಡನ್ನೂ ತೋರಿಸಿರಿ.

ಇತಿ ನಿಮ್ಮ ವಿಶ್ವಾಸಿ,
ಶರೀರಕ್ರಿಯಾಶಾಸ್ತ್ರದ ನಿವೃತ್ತ ಅಧ್ಯಾಪಕ